ಗಾಜಿನ ಕಪಾಟಿನ ಆಚೆಗಿನ ಉದ್ಯೋಗ: ಪ್ರಾಕೃತಿಕ ವಿಜ್ಞಾನ ಸಂಗ್ರಹಾಲಯಗಳಲ್ಲಿ ಯಾರಿಗೆ ಕೆಲಸವಿದೆ, ಎಲ್ಲಿದೆ

1997ರ ನವೆಂಬರ್‌ನಲ್ಲಿ ಮಹಾರಾಷ್ಟ್ರದ ಶಹಾದಾ ಸಮೀಪದ ಕಾಡಿನಲ್ಲಿ ಒಂದು ಪುಟ್ಟ ಗೂಬೆ ಕಾಣಿಸಿಕೊಂಡಿತು. ಫಾರೆಸ್ಟ್ ಔಲೆಟ್ ಎಂಬ ಈ ಹಕ್ಕಿ ಅಳಿದೇ ಹೋಗಿರಬೇಕೆಂದು ಅನೇಕರು ಆಸೆ ಬಿಟ್ಟಿದ್ದರು. ಅದರ ಬಗ್ಗೆ ನಂಬಬಹುದಾದ ಕೊನೆಯ ದಾಖಲೆ 1884ರದ್ದು. ಗೂಬೆ ಕಂಡದ್ದು ಕಾಡಿನಲ್ಲಾದರೂ ಅದರ ದಾರಿ ಸಿಕ್ಕಿದ್ದು ಸಂಗ್ರಹಾಲಯದ ಮೇಜಿನ ಮೇಲೆ. ಅಲ್ಲಿಯವರೆಗೆ ಹುಡುಕಿದವರ ಕೈಯಲ್ಲಿದ್ದ ಇತ್ತೀಚಿನ ಸುಳಿವೆಂದರೆ ರಿಚರ್ಡ್ ಮೈನರ್ಟ್ಸ್‌ಹ್ಯಾಗನ್ ಎಂಬ ಬ್ರಿಟಿಷ್ ಸೇನಾಧಿಕಾರಿಯ ಸಂಗ್ರಹದಲ್ಲಿದ್ದ ಒಂದು ಮಾದರಿಯ ಚೀಟಿ. ಗುಜರಾತಿನ ಮಾಂಡವಿಯಲ್ಲಿ 1914ರಲ್ಲಿ ಸಿಕ್ಕಿದ್ದು ಎಂದು ಅದರಲ್ಲಿ ಬರೆದಿತ್ತು. ಅಮೆರಿಕದ ಸ್ಮಿತ್‌ಸೋನಿಯನ್ ಸಂಸ್ಥೆಯ ಪಮೇಲಾ ರಾಸ್ಮುಸೆನ್ ಮತ್ತು ಬ್ರಿಟನ್ನಿನ ನೈಜೆಲ್ ಕಾಲರ್ ಆ ಒಣಗಿದ ತೊಗಲನ್ನು ಎಕ್ಸ್‌ರೇ ಹಿಡಿದು ನೋಡಿದರು, ಅದನ್ನು ಸಿದ್ಧಪಡಿಸಿದ ಕೈಯ ರೀತಿಯನ್ನು ಬೇರೆ ಮಾದರಿಗಳ ಜೊತೆ ಹೋಲಿಸಿದರು. ಅದು ಜೇಮ್ಸ್ ಡೇವಿಡ್‌ಸನ್ ಎಂಬಾತ 1880ರ ದಶಕದಲ್ಲಿ ಖಾಂದೇಶದಲ್ಲಿ ಸಂಗ್ರಹಿಸಿದ್ದ ಹಕ್ಕಿ; ಮೈನರ್ಟ್ಸ್‌ಹ್ಯಾಗನ್ ಅದನ್ನು ಕದ್ದು, ತುಂಬಿಸಿದ್ದನ್ನು ತೆಗೆದು ಮತ್ತೆ ತುಂಬಿಸಿ, ಹೊಸ ಚೀಟಿ ಕಟ್ಟಿದ್ದ. ಸುಳ್ಳು ಚೀಟಿಯನ್ನು ಬದಿಗಿಟ್ಟು, ಉಳಿದ ನಿಜವಾದ ಚೀಟಿಗಳಲ್ಲಿದ್ದ ಊರುಗಳ ಕಡೆ ರಾಸ್ಮುಸೆನ್ ಮತ್ತು ಇಬ್ಬರು ಸಂಗಡಿಗರು ಹೊರಟ ಮೇಲೆಯೇ ಗೂಬೆ ಸಿಕ್ಕಿದ್ದು.

ಪ್ರಾಕೃತಿಕ ವಿಜ್ಞಾನ ಸಂಗ್ರಹಾಲಯದ ಕೆಲಸ ಎಂದರೇನು ಎಂದು ಕೇಳುವವರಿಗೆ ಈ ಪ್ರಕರಣಕ್ಕಿಂತ ಒಳ್ಳೆಯ ಉತ್ತರ ಇಲ್ಲ. ಅಲ್ಲಿ ಕೆಲಸ ಮಾಡುವವರು ಸಾಕ್ಷ್ಯವನ್ನು ಕಾಯುತ್ತಾರೆ. ಶಾಲೆಯ ಪ್ರವಾಸದಲ್ಲಿ ನಾವು ನೋಡುವ ಹುಲಿ, ತಿಮಿಂಗಿಲದ ಅಸ್ಥಿಪಂಜರ, ಗುಂಡಿ ಒತ್ತಿದರೆ ಕೂಗುವ ಹಕ್ಕಿ ಇವೆಲ್ಲ ಸಂಗ್ರಹಾಲಯದ ಮುಂಬಾಗಿಲು ಮಾತ್ರ. ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನಲ್ಲಿ ಸುಮಾರು 8 ಕೋಟಿ ಮಾದರಿಗಳಿವೆ. ಸಾರ್ವಜನಿಕರ ಕಣ್ಣಿಗೆ ಬೀಳುವುದು ಅದರ ಅತ್ಯಲ್ಪ ಭಾಗ. 28 ದೇಶಗಳ 73 ದೊಡ್ಡ ಸಂಗ್ರಹಾಲಯಗಳು ಕೂಡಿ ನಡೆಸಿದ ಸಮೀಕ್ಷೆಯೊಂದು 2023ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಅವುಗಳಲ್ಲಿರುವ ವಸ್ತುಗಳು 110 ಕೋಟಿಗೂ ಹೆಚ್ಚು, ಅವನ್ನು ನೋಡಿಕೊಳ್ಳುವ ವಿಜ್ಞಾನ ಸಿಬ್ಬಂದಿ ಸುಮಾರು 4,500. ಭಾಗಿಸಿ ನೋಡಿದರೆ ಒಬ್ಬೊಬ್ಬರ ತಲೆಯ ಮೇಲೆ ಎರಡೂವರೆ ಲಕ್ಷದಷ್ಟು ಮಾದರಿಗಳ ಹೊಣೆ. ಆದ್ದರಿಂದ ಈ ಕ್ಷೇತ್ರದಲ್ಲಿ ಕೆಲಸ ಬಯಸುವ ವಿದ್ಯಾರ್ಥಿಗೆ ಹೇಳಬೇಕಾದ ಮೊದಲ ಮಾತು ಇದು: ‘ಮ್ಯೂಸಿಯಂ’ ಎಂಬ ಬೋರ್ಡು ಎಲ್ಲಿ ತೂಗುಹಾಕಿದೆ ಎಂದು ನೋಡಬೇಡಿ, ಸಂಗ್ರಹ ಎಲ್ಲಿದೆ ಎಂದು ನೋಡಿ. ಪದವಿಯ ಜೊತೆಗೆ, ಒಂದು ಮಾದರಿಯನ್ನು ನೂರು ವರ್ಷದ ನಂತರವೂ ನಂಬುವಂತೆ ಇಡುವ ಕೈಗೆಲಸವನ್ನು ಕಲಿಯಿರಿ. ಕೆಲಸ ಸಿಗುವುದೂ ಉಳಿಯುವುದೂ ಹೆಚ್ಚಾಗಿ ಈ ಎರಡರಿಂದ.

ಬೋರ್ಡು ನೋಡಿ ಹುಡುಕಿದರೆ ನಮ್ಮಲ್ಲಿ ಪಟ್ಟಿ ಬೇಗ ಮುಗಿಯುತ್ತದೆ. ಮೈಸೂರಿನ ಕಾರಂಜಿ ಕೆರೆಯ ದಂಡೆಯಲ್ಲಿ 1995ರಲ್ಲಿ ಆರಂಭವಾದ ಪ್ರಾದೇಶಿಕ ಪ್ರಾಕೃತಿಕ ವಿಜ್ಞಾನ ಸಂಗ್ರಹಾಲಯವಿದೆ. ಭೋಪಾಲ್, ಭುವನೇಶ್ವರ, ಸವಾಯಿ ಮಾಧೋಪುರಗಳಲ್ಲಿ ಅದರ ಸೋದರ ಸಂಸ್ಥೆಗಳಿವೆ. ಇವು ಮುಖ್ಯವಾಗಿ ಜನರಿಗೆ ಪರಿಸರದ ಅರಿವು ಮೂಡಿಸಲು ಕಟ್ಟಿದವು, ಹುದ್ದೆಗಳೂ ಕಡಿಮೆ. ಸಂಗ್ರಹ ಹುಡುಕುತ್ತ ಹೊರಟರೆ ನಕ್ಷೆಯೇ ಬೇರೆ. 1916ರಲ್ಲಿ ಶುರುವಾದ ಭಾರತೀಯ ಪ್ರಾಣಿ ಸರ್ವೇಕ್ಷಣಾಲಯ, ಅಂದರೆ ಝಡ್‌ಎಸ್‌ಐ, ಕೋಲ್ಕತ್ತದ ಇಂಡಿಯನ್ ಮ್ಯೂಸಿಯಂನ ಪ್ರಾಣಿ ವಿಭಾಗದಿಂದಲೇ ಹುಟ್ಟಿದ್ದು. ಅದರ ಪ್ರಾದೇಶಿಕ ಕೇಂದ್ರಗಳಲ್ಲಿ ನಮಗೆ ಹತ್ತಿರದವು ಕೋಳಿಕ್ಕೋಡ್, ಪುಣೆ, ಚೆನ್ನೈ. ಸಸ್ಯಗಳಿಗೆ 1890ರಲ್ಲಿ ಆರಂಭವಾದ ಭಾರತೀಯ ಸಸ್ಯ ಸರ್ವೇಕ್ಷಣಾಲಯ, ಅಂದರೆ ಬಿಎಸ್‌ಐ ಇದೆ; ಹೌರಾದ ರಾಷ್ಟ್ರೀಯ ಹರ್ಬೇರಿಯಂ (ಒಣಗಿಸಿದ ಸಸ್ಯಗಳ ಭಂಡಾರ) ಅದರದ್ದು. ಪುಣೆ ಮತ್ತು ಕೊಯಮತ್ತೂರಿನ ಕೇಂದ್ರಗಳು ನಮ್ಮ ಕಡೆಯವರಿಗೆ ಅನುಕೂಲ. ಮುಂಬೈಯ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯದು 1883ರಿಂದ ಬೆಳೆದು ಬಂದ ಸಂಗ್ರಹ, ಅಲ್ಲಿ ಲಕ್ಷಕ್ಕೂ ಹೆಚ್ಚು ಮಾದರಿಗಳಿವೆ.

ಬೆಂಗಳೂರಿನ ವಿಚಾರ ಪ್ರತ್ಯೇಕವಾಗಿಯೇ ಹೇಳಬೇಕು, ಏಕೆಂದರೆ ಇಲ್ಲಿಯ ವಿದ್ಯಾರ್ಥಿಗಳಿಗೇ ತಮ್ಮ ಊರಿನಲ್ಲಿ ಏನಿದೆ ಎಂಬುದು ಹೆಚ್ಚಾಗಿ ತಿಳಿದಿರುವುದಿಲ್ಲ. ಹೆಬ್ಬಾಳದಲ್ಲಿರುವ, ಭಾರತೀಯ ಕೃಷಿ ಸಂಶೋಧನಾ ಮಂಡಳಿಯ (ಐಸಿಎಆರ್) ಕೃಷಿ ಕೀಟ ಸಂಪನ್ಮೂಲಗಳ ರಾಷ್ಟ್ರೀಯ ಬ್ಯೂರೋ ದೇಶದ ಮುಖ್ಯ ಕೀಟ ಭಂಡಾರಗಳಲ್ಲೊಂದು. ಜಿಕೆವಿಕೆಯ ಕೃಷಿ ವಿಶ್ವವಿದ್ಯಾಲಯದಲ್ಲಿ, ಏಟ್ರೀ ಸಂಸ್ಥೆಯಲ್ಲಿ ಕೀಟ ಸಂಗ್ರಹಗಳಿವೆ. ಅದೇ ಜಿಕೆವಿಕೆ ಆವರಣದಲ್ಲಿರುವ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ (ಎನ್‌ಸಿಬಿಎಸ್) ತನ್ನ ಸಂಶೋಧನಾ ಸಂಗ್ರಹವನ್ನು ಕಟ್ಟಿಕೊಂಡಿದೆ. ಔಷಧಿ ಸಸ್ಯಗಳ ಹರ್ಬೇರಿಯಂ ಎಫ್‌ಆರ್‌ಎಲ್‌ಎಚ್‌ಟಿ ಸಂಸ್ಥೆಯಲ್ಲಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನ ಕೇಂದ್ರದಲ್ಲಿರುವ ಹರ್ಬೇರಿಯಂನ ಬೇರು ಸೇಂಟ್ ಜೋಸೆಫ್ಸ್ ಕಾಲೇಜಿನಲ್ಲಿದೆ. ಅಲ್ಲಿ ಪಾದ್ರಿಯೂ ಅಧ್ಯಾಪಕರೂ ಆಗಿದ್ದ ಸೆಸಿಲ್ ಸಲ್ಡಾನಾ ತಮ್ಮ ಸಹೋದ್ಯೋಗಿಗಳೊಂದಿಗೆ ಹಾಸನ ಜಿಲ್ಲೆಯ ಗಿಡಮರಗಳನ್ನು ಸಂಗ್ರಹಿಸಿ, ಸ್ಮಿತ್‌ಸೋನಿಯನ್‌ನ ಡಾನ್ ನಿಕೋಲ್ಸನ್ ಜೊತೆ 1976ರಲ್ಲಿ ಆ ಜಿಲ್ಲೆಯ ಸಸ್ಯಸಂಪತ್ತಿನ ದೊಡ್ಡ ಗ್ರಂಥ ಹೊರತಂದರು. ಇಂದು ಕರ್ನಾಟಕದ ಸಸ್ಯಗಳ ಡಿಜಿಟಲ್ ಕೋಶವನ್ನು ಯಾರು ಬೇಕಾದರೂ ತೆರೆದು ನೋಡಬಹುದಾದರೆ ಅದರ ಬೆನ್ನಿಗೆ ಇಂಥ ಹಾಳೆಗಳಿವೆ. ಈ ಯಾವ ಸಂಸ್ಥೆಯ ಬಾಗಿಲಿನಲ್ಲೂ ಟಿಕೆಟ್ ಕೊಡುವ ಕಿಟಕಿ ಇಲ್ಲ. ಸಂಗ್ರಹಾಲಯದ ಕೆಲಸ ಮಾತ್ರ ಎಲ್ಲ ಕಡೆ ನಡೆಯುತ್ತಿದೆ.

ಆ ಕೆಲಸ ಹತ್ತಿರದಿಂದ ಹೇಗಿರುತ್ತದೆ? ಒಂದು ದುಂಬಿಯನ್ನು ತೆಗೆದುಕೊಳ್ಳಿ. ಅದಕ್ಕೆ ಪಿನ್ನು ಚುಚ್ಚುವುದು ನಟ್ಟನಡುವೆ ಅಲ್ಲ, ಬಲಗಡೆಯ ಗಟ್ಟಿ ರೆಕ್ಕೆಯ ಮೇಲ್ಭಾಗದಲ್ಲಿ. ಬಲಭಾಗಕ್ಕೆ ಏಟಾದರೂ ಎಡಭಾಗ ಪೂರ್ತಿ ಉಳಿಯಲಿ ಎಂದು. ಪಿನ್ನು ತಾಳದಷ್ಟು ಚಿಕ್ಕ ಕಣಜವಾದರೆ ತ್ರಿಕೋನಾಕಾರದ ದಪ್ಪ ಕಾಗದದ ತುದಿಗೆ ಒಂದು ಚುಕ್ಕೆ ಗೋಂದು ಹಚ್ಚಿ ಕೂರಿಸುತ್ತಾರೆ, ಪಿನ್ನು ಆ ಕಾಗದಕ್ಕೆ. ಅದೇ ಪಿನ್ನಿನಲ್ಲಿ ಕೀಟದ ಕೆಳಗೆ ಬೆರಳುಗುರಿನಷ್ಟಗಲದ ಚೀಟಿ: ಊರು, ತಾಲ್ಲೂಕು, ಅಕ್ಷಾಂಶ ರೇಖಾಂಶ, ಸಮುದ್ರಮಟ್ಟದಿಂದ ಎತ್ತರ, ತಾರೀಖು, ಹಿಡಿದವರ ಹೆಸರು, ಹಿಡಿದ ಬಗೆ. ಕೀಟದ ವೈಜ್ಞಾನಿಕ ಹೆಸರು ಇನ್ನೊಂದು ಚೀಟಿಯಲ್ಲಿ, ಅದರ ಕೆಳಗೆ. ಎರಡನ್ನೂ ಬೇರೆ ಇಡುವುದಕ್ಕೆ ಕಾರಣವಿದೆ. ಹೆಸರು ನಾಳೆ ಬದಲಾಗಬಹುದು, ತಜ್ಞರು ಬಂದು ಇದು ಬೇರೆ ಪ್ರಭೇದ ಎನ್ನಬಹುದು. ಎಲ್ಲಿ, ಯಾವತ್ತು ಸಿಕ್ಕಿತು ಎಂಬುದು ಎಂದಿಗೂ ಬದಲಾಗುವುದಿಲ್ಲ. ಸಸ್ಯವಾದರೆ ಸುದ್ದಿಪತ್ರಿಕೆಯ ಹಾಳೆಗಳ ನಡುವೆ ಒತ್ತಿ, ದಿನವೂ ಹಾಳೆ ಬದಲಿಸಿ ಒಣಗಿಸಿ, 42 ಸೆಂ.ಮೀ. ಉದ್ದ 28 ಸೆಂ.ಮೀ. ಅಗಲದ ದಪ್ಪ ಹಾಳೆಗೆ ಅಂಟಿಸುತ್ತಾರೆ, ದಪ್ಪ ಕಾಂಡವನ್ನು ದಾರದಿಂದ ಹೊಲಿಯುತ್ತಾರೆ, ಉದುರಿದ ಬೀಜ ಎಸಳುಗಳನ್ನು ಪುಟ್ಟ ಕಾಗದದ ಲಕೋಟೆಯಲ್ಲಿಟ್ಟು ಹಾಳೆಯ ಮೇಲೆಯೇ ಅಂಟಿಸುತ್ತಾರೆ. ಒಣಗಿದ ಮೇಲೆ ಹೂವಿನ ಬಣ್ಣ ಹೋಗುವುದರಿಂದ ಅದನ್ನು ಕಾಡಿನಲ್ಲೇ ಬರೆದುಕೊಂಡಿರಬೇಕು. ಮರದ ಎತ್ತರ, ತೊಗಟೆಯ ವಾಸನೆ, ಕೆತ್ತಿದರೆ ಒಸರುವ ಹಾಲು ಇವೂ ಹಾಗೆಯೇ. ಮೈನರ್ಟ್ಸ್‌ಹ್ಯಾಗನ್‌ನ ಚೀಟಿ ಎಷ್ಟು ವರ್ಷ ಜನರನ್ನು ಅಲೆದಾಡಿಸಿತೆಂದು ನೆನೆದರೆ ಈ ಚಿಕ್ಕ ಶಿಸ್ತುಗಳ ತೂಕ ಗೊತ್ತಾಗುತ್ತದೆ.

ಮಾದರಿ ಒಳಗೆ ಬಂದ ಮೇಲೆ ಅದನ್ನು ಕಾಯುವ ಕೆಲಸ ಶುರು. ದೊಡ್ಡ ಸಂಸ್ಥೆಗಳಲ್ಲಿ ಇದಕ್ಕೆ ಕಲೆಕ್ಷನ್ ಮ್ಯಾನೇಜರ್ ಎಂಬ ಬೇರೆ ಹುದ್ದೆಯೇ ಇದೆ. ಕ್ಯುರೇಟರ್ ಸಂಶೋಧನೆ ನಡೆಸಿದರೆ ಈತ ಭಂಡಾರವನ್ನು ನಡೆಸುತ್ತಾನೆ. ನಮ್ಮಲ್ಲಿ ಬಹುಪಾಲು ಒಬ್ಬರೇ ಎರಡನ್ನೂ ಮಾಡಬೇಕು. ಒಣಗಿದ ಕೀಟಗಳಿಗೆ ದೊಡ್ಡ ಶತ್ರು ಇನ್ನೊಂದು ಕೀಟವೇ, ಡರ್ಮೆಸ್ಟಿಡ್ ಕುಟುಂಬದ ದುಂಬಿಯ ಮರಿಹುಳು. ಪಿನ್ನಿನ ಬುಡದಲ್ಲಿ ಚಿಟಿಕೆ ಪುಡಿ ಕಂಡರೆ ಹುಳು ಹೊಕ್ಕಿದೆ ಎಂದು ಅರ್ಥ. ಪೆಟ್ಟಿಗೆಯನ್ನು ಡೀಪ್ ಫ್ರೀಜರ್‌ನಲ್ಲಿ ದಿನಗಟ್ಟಲೆ ಇಟ್ಟು ಹುಳುವನ್ನು ಕೊಲ್ಲಬೇಕು. (ಇದೇ ಕುಟುಂಬದ ಇನ್ನೊಂದು ದುಂಬಿಯನ್ನು ಸಂಗ್ರಹಾಲಯಗಳು ಸಾಕುತ್ತವೆ, ಅಸ್ಥಿಪಂಜರಕ್ಕೆ ಅಂಟಿದ ಮಾಂಸವನ್ನು ಅದು ಎಲುಬಿಗೆ ಗೀರು ಬೀಳದಂತೆ ತಿಂದು ಮುಗಿಸುತ್ತದೆ.) ಕಪ್ಪೆ, ಮೀನು, ಹಾವುಗಳಿರುವ ಜಾಡಿಗಳಲ್ಲಿ ಸಾಮಾನ್ಯವಾಗಿ ಶೇ 70ರ ಆಲ್ಕೋಹಾಲ್ ಇರುತ್ತದೆ. ಮುಚ್ಚಳ ಎಷ್ಟೇ ಬಿಗಿಯಾದರೂ ಅದು ಆರುತ್ತಲೇ ಇರುತ್ತದೆ, ಹೊತ್ತುಹೊತ್ತಿಗೆ ತುಂಬಿಸಬೇಕು. ಮಲೆನಾಡು, ಕರಾವಳಿಯ ಕಾಲೇಜುಗಳಲ್ಲಿ ಮಳೆಗಾಲದ ಬೂಷ್ಟು ಇನ್ನೊಂದು ಕಾಟ. ಹಳೆಯ ತೊಗಲುಗಳಿಗೆ ಆರ್ಸೆನಿಕ್, ಹಳೆಯ ಹರ್ಬೇರಿಯಂ ಹಾಳೆಗಳಿಗೆ ಪಾದರಸದ ಲವಣ ಬಳಿದಿರುವುದರಿಂದ ಕೈಗವಸು ಇಲ್ಲದೆ ಮುಟ್ಟುವಂತಿಲ್ಲ. ಇವೆಲ್ಲದರ ಮೇಲೆ ಬೆಂಕಿಯ ಭಯ. 2016ರ ಏಪ್ರಿಲ್ 26ರಂದು ದೆಹಲಿಯ ರಾಷ್ಟ್ರೀಯ ಪ್ರಾಕೃತಿಕ ವಿಜ್ಞಾನ ಸಂಗ್ರಹಾಲಯ ಬೆಂಕಿಗೆ ಬಲಿಯಾಯಿತು. 2018ರ ಸೆಪ್ಟೆಂಬರ್ 2ರಂದು ರಿಯೋ ಡಿ ಜನೈರೊದ ರಾಷ್ಟ್ರೀಯ ಸಂಗ್ರಹಾಲಯ ಸುಟ್ಟಿತು, ಅಲ್ಲಿ ಸುಮಾರು 2 ಕೋಟಿ ವಸ್ತುಗಳಿದ್ದವು. ರಿಯೋದಲ್ಲಿ ಹರ್ಬೇರಿಯಂ ಮತ್ತು ಕಶೇರುಕಗಳ ಸಂಗ್ರಹ ಬೇರೆ ಕಟ್ಟಡದಲ್ಲಿದ್ದುದರಿಂದ ಉಳಿದುಕೊಂಡವು. ಯಾವುದನ್ನು ಎಲ್ಲಿಡಬೇಕು ಎಂದು ತೀರ್ಮಾನಿಸುವವರ ಹೊಣೆ ಎಷ್ಟು ದೊಡ್ಡದು ಎಂಬುದಕ್ಕೆ ಬೇರೆ ಪುರಾವೆ ಬೇಡ.

ವಿಜ್ಞಾನ ಓದದವರಿಗೂ ಇಲ್ಲಿ ಜಾಗವಿದೆ. ಮೈಸೂರಿನ ವ್ಯಾನ್ ಇಂಗೆನ್ ಕುಟುಂಬದ ಕಾರ್ಖಾನೆ ಇಪ್ಪತ್ತನೆಯ ಶತಮಾನದ ಉದ್ದಕ್ಕೂ ಸತ್ತ ಹುಲಿ ಚಿರತೆಗಳಿಗೆ ಜೀವಂತಿಕೆ ಕೊಡುವುದರಲ್ಲಿ ಜಗತ್ತಿನಲ್ಲೇ ಹೆಸರಾಗಿತ್ತು; ರಾಜರ, ಸಾಹೇಬರ ಬೇಟೆಯೇ ಅದರ ಬಂಡವಾಳ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ಆ ಕಾಲ ಮುಗಿಯಿತು, 1990ರ ದಶಕದ ಕೊನೆಗೆ ಕಾರ್ಖಾನೆಯೂ ಮುಚ್ಚಿತು. ಇಂದು ಟ್ಯಾಕ್ಸಿಡರ್ಮಿ ಪರವಾನಗಿಯ ಕೆಲಸ, ಮೃಗಾಲಯದಲ್ಲೋ ಕಾಡಿನಲ್ಲೋ ತಾನಾಗಿ ಸತ್ತ ಪ್ರಾಣಿಗಳಿಗೆ ಸೀಮಿತ, ದೇಶದಲ್ಲಿ ಅದನ್ನು ಬಲ್ಲವರು ಬೆರಳೆಣಿಕೆಯಷ್ಟು. ಆ ಜಾಗವನ್ನು ಫೈಬರ್‌ಗ್ಲಾಸ್, ಸಿಲಿಕೋನ್ ಪ್ರತಿಕೃತಿಗಳು ತುಂಬುತ್ತಿವೆ. ಜೇಡಿಮಣ್ಣಿನಲ್ಲಿ ಮೊದಲ ರೂಪ ತಿದ್ದುವವರು, ಅಚ್ಚು ತೆಗೆಯುವವರು, ಡಯೋರಾಮದ ಹಿನ್ನೆಲೆಯಲ್ಲಿ ಬಂಡೀಪುರದ ಬೇಸಿಗೆಯ ಬೆಳಕನ್ನು ಸರಿಯಾಗಿ ಬಿಡಿಸಬಲ್ಲವರು ಬೇಕು. ಮೈಸೂರಿನ ಕಾವಾದಂಥ ಕಲಾಶಾಲೆಗಳಲ್ಲಿ ಶಿಲ್ಪ, ಚಿತ್ರ ಕಲಿತವರು ಪ್ರಾಣಿಯ ಎಲುಬು ಸ್ನಾಯುಗಳ ಅಧ್ಯಯನವನ್ನೂ ಸೇರಿಸಿಕೊಂಡರೆ ಅವರಿಗೆ ಪೈಪೋಟಿ ಕೊಡುವವರು ಕಡಿಮೆ. ಬೆಂಗಳೂರಿನ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯವೂ ಸೇರಿದಂತೆ ರಾಷ್ಟ್ರೀಯ ವಿಜ್ಞಾನ ವಸ್ತುಸಂಗ್ರಹಾಲಯ ಪರಿಷತ್ತಿನ ಘಟಕಗಳಲ್ಲಿ ಎಜುಕೇಶನ್ ಅಸಿಸ್ಟೆಂಟ್, ಎಕ್ಸಿಬಿಷನ್ ಅಸಿಸ್ಟೆಂಟ್, ಆರ್ಟಿಸ್ಟ್, ಟೆಕ್ನಿಷಿಯನ್ ಹುದ್ದೆಗಳಿಗೆ ಆಗಾಗ ಅರ್ಜಿ ಕರೆಯುತ್ತಾರೆ. ಅವು ಪ್ರಾಕೃತಿಕ ಸಂಗ್ರಹಗಳಲ್ಲ, ಆದರೆ ಮಕ್ಕಳಿಗೆ ವಿಜ್ಞಾನ ಹೇಳುವ ಕಲೆ ಕಲಿಯಲು ಒಳ್ಳೆಯ ಜಾಗ. ಐಟಿಐ, ಡಿಪ್ಲೊಮಾ ಮುಗಿಸಿದವರು ಈ ಪ್ರಕಟಣೆಗಳನ್ನು ಬಿಡಬಾರದು.

ಖಾಯಂ ಹುದ್ದೆಗಳ ದಾರಿ ಹೀಗಿದೆ. ಝಡ್‌ಎಸ್‌ಐ, ಬಿಎಸ್‌ಐಗಳ ವಿಜ್ಞಾನಿ ಹುದ್ದೆಗಳಿಗೆ ಪ್ರಾಣಿಶಾಸ್ತ್ರ ಅಥವಾ ಸಸ್ಯಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಬೇಕು, ಯುಪಿಎಸ್‌ಸಿ ಪ್ರಕಟಣೆಗಳ ಮೇಲೆ ಕಣ್ಣಿಟ್ಟಿರಬೇಕು. ವಿಜ್ಞಾನಿ-ಬಿ ದರ್ಜೆಗೆ ಏಳನೇ ವೇತನ ಆಯೋಗದಂತೆ ಆರಂಭದ ಮೂಲವೇತನ ₹56,100. ಕೆಳಗಿನ ಹಂತದ ಝೂಲಾಜಿಕಲ್ ಅಸಿಸ್ಟೆಂಟ್, ಬೊಟಾನಿಕಲ್ ಅಸಿಸ್ಟೆಂಟ್, ಪ್ರಿಸರ್ವೇಶನ್ ಅಸಿಸ್ಟೆಂಟ್‌ನಂಥ ಹೆಸರುಗಳು ಸ್ಟಾಫ್ ಸೆಲೆಕ್ಷನ್ ಕಮಿಷನ್ನಿನ ‘ಸೆಲೆಕ್ಷನ್ ಪೋಸ್ಟ್’ ಪಟ್ಟಿಯಲ್ಲಿ ಅಡಗಿರುತ್ತವೆ. ಇಂಥ ಪಟ್ಟಿಯಲ್ಲಿ ತಮಗೆ ಹೊಂದುವ ಕೆಲಸವಿದೆ ಎಂದು ಗೊತ್ತಿಲ್ಲದೆ ಎಷ್ಟೋ ಎಂಎಸ್ಸಿ ವಿದ್ಯಾರ್ಥಿಗಳು ಅದನ್ನು ತೆರೆದೂ ನೋಡುವುದಿಲ್ಲ. ಕೃಷಿ ಕೀಟಶಾಸ್ತ್ರ ಓದಿದವರು ಐಸಿಎಆರ್ ವಿಜ್ಞಾನಿಗಳ ಎಆರ್‌ಎಸ್ ಪರೀಕ್ಷೆ ಬರೆಯಬೇಕು. ಬಂಡೆ, ಖನಿಜ, ಪಳೆಯುಳಿಕೆಗಳ ಕಡೆ ಒಲವಿರುವ ಭೂವಿಜ್ಞಾನಿಗಳಿಗೆ ಯುಪಿಎಸ್‌ಸಿಯ ಸಂಯುಕ್ತ ಭೂವಿಜ್ಞಾನಿ ಪರೀಕ್ಷೆ; ಲಖನೌದ ಬೀರಬಲ್ ಸಾಹ್ನಿ ಸಂಸ್ಥೆ ಪ್ರಾಚೀನ ಸಸ್ಯಗಳ ಅಧ್ಯಯನಕ್ಕೆ ಹೆಸರಾದದ್ದು. ಮ್ಯೂಸಿಯಾಲಜಿಯನ್ನೇ ಓದಬೇಕೆಂದರೆ ಬರೋಡಾ, ಕಲ್ಕತ್ತಾ, ಬನಾರಸ್ ಹಿಂದೂ ವಿಶ್ವವಿದ್ಯಾಲಯಗಳಲ್ಲಿ ಹಳೆಯ ವಿಭಾಗಗಳಿವೆ. ಆದರೆ ಈ ಪದವಿಯೊಂದೇ ಪ್ರಾಕೃತಿಕ ಸಂಗ್ರಹದಲ್ಲಿ ಕೆಲಸ ಕೊಡಿಸುತ್ತದೆ ಎಂದು ನಂಬಬೇಡಿ. ಜೀವಶಾಸ್ತ್ರದ ಮೇಲೆ ಮ್ಯೂಸಿಯಾಲಜಿ ಸೇರಿದರೆ ಬಲ. ಜೀವಶಾಸ್ತ್ರವಿಲ್ಲದ ಮ್ಯೂಸಿಯಾಲಜಿ ಕಲೆ, ಪುರಾತತ್ವದ ಸಂಗ್ರಹಾಲಯಗಳಿಗೆ ಹೆಚ್ಚು ಹೊಂದುತ್ತದೆ.

ವಾಸ್ತವದಲ್ಲಿ ಬಹುತೇಕರು ಒಳಗೆ ಹೋಗುವುದು ಪ್ರಾಜೆಕ್ಟ್ ಹುದ್ದೆಗಳಿಂದ. ಜೂನಿಯರ್ ರಿಸರ್ಚ್ ಫೆಲೋ (ಜೆಆರ್‌ಎಫ್), ಪ್ರಾಜೆಕ್ಟ್ ಅಸೋಸಿಯೇಟ್, ಫೀಲ್ಡ್ ಅಸಿಸ್ಟೆಂಟ್ ಎಂದು ವಾಕ್-ಇನ್ ಸಂದರ್ಶನಕ್ಕೆ ಕರೆಯುವ ಕೆಲಸಗಳಿವು. ಜೆಆರ್‌ಎಫ್ ಮೊತ್ತ 2023ರಿಂದ ತಿಂಗಳಿಗೆ ₹37,000. ಎರಡು ಮೂರು ವರ್ಷಕ್ಕೆ ಮುಗಿಯುವ ಕೆಲಸ, ಮುಂದೇನು ಎಂಬ ಆತಂಕ ಇದ್ದದ್ದೇ. ಅದನ್ನು ಸಂಬಳದ ನೌಕರಿ ಎಂದಷ್ಟೇ ನೋಡಿದರೆ ಅವಧಿ ಮುಗಿದ ದಿನ ಕೈ ಖಾಲಿ. ಆ ಅವಧಿಯಲ್ಲಿ ಒಂದು ಜೀವಿ ಗುಂಪನ್ನು ಹಿಡಿದುಕೊಳ್ಳಬೇಕು. ಜೇಡಗಳಾಗಲಿ, ಏರೋಪ್ಲೇನ್ ಚಿಟ್ಟೆಗಳಾಗಲಿ, ಹುಲ್ಲುಗಳಾಗಲಿ, ಕರ್ನಾಟಕದಲ್ಲಿ ಆ ಗುಂಪಿನ ಬಗ್ಗೆ ಪ್ರಶ್ನೆ ಬಂದಾಗ ನೆನಪಾಗುವ ನಾಲ್ಕೈದು ಹೆಸರುಗಳಲ್ಲಿ ನಿಮ್ಮದೂ ಒಂದಾಗಬೇಕು. ಹಕ್ಕಿ, ಹುಲಿಗಳ ಸುತ್ತ ಜನಜಂಗುಳಿ ಇದೆ. ಮಣ್ಣಿನ ಹುಳು, ಹಾವಸೆ, ಶಿಲೀಂಧ್ರ, ಸಣ್ಣ ನೊಣಗಳ ಕಡೆ ಯಾರೂ ಇಲ್ಲ. ಉದ್ಯೋಗದ ದೃಷ್ಟಿಯಿಂದಲೂ ಇದು ಲಾಭದ ಆಯ್ಕೆ ಎಂದು ನನ್ನ ಅಭಿಪ್ರಾಯ.

ದೊಡ್ಡ ಪದವಿ ಇಲ್ಲದವರಿಗೆ ಇದೆಲ್ಲ ಎಟುಕುವುದೇ ಎಂಬ ಪ್ರಶ್ನೆ ನ್ಯಾಯವಾದದ್ದು. ಕೋಸ್ಟಾರಿಕಾದಲ್ಲಿ 1989ರಲ್ಲಿ ಶುರುವಾದ ಇನ್‌ಬಯೋ ಸಂಸ್ಥೆ ಹಳ್ಳಿಯ ರೈತರು, ಅರಣ್ಯ ಕಾವಲುಗಾರರು, ಗೃಹಿಣಿಯರಿಗೆ ತಿಂಗಳುಗಟ್ಟಲೆ ತರಬೇತಿ ಕೊಟ್ಟು ಪ್ಯಾರಾಟ್ಯಾಕ್ಸಾನಮಿಸ್ಟ್‌ಗಳನ್ನಾಗಿ, ಅಂದರೆ ವರ್ಗೀಕರಣ ತಜ್ಞರ ಸಹಾಯಕರನ್ನಾಗಿ ಮಾಡಿತು. ಅವರು ಸಂಗ್ರಹಿಸಿ, ಪಿನ್ನು ಚುಚ್ಚಿ, ಚೀಟಿ ಬರೆದ ಕೀಟಗಳಿಂದ ಆ ಪುಟ್ಟ ದೇಶದ ಸಂಗ್ರಹ ಲಕ್ಷಗಟ್ಟಲೆ ಬೆಳೆಯಿತು. ಹಣದ ಮುಗ್ಗಟ್ಟಿನಿಂದ ಇನ್‌ಬಯೋ 2015ರಲ್ಲಿ ತನ್ನ ಸಂಗ್ರಹವನ್ನು ರಾಷ್ಟ್ರೀಯ ಸಂಗ್ರಹಾಲಯಕ್ಕೆ ಒಪ್ಪಿಸಬೇಕಾಯಿತು ಎಂಬುದನ್ನೂ ಹೇಳಬೇಕು. ಸಂಸ್ಥೆ ಸೋತಿತು, ಆ ಕೈಗಳ ಕೆಲಸ ಸೋಲಲಿಲ್ಲ. ಚೀಟಿ ಸರಿಯಿದ್ದ ಮಾದರಿಗಳೆಲ್ಲ ಇಂದಿಗೂ ಬಳಕೆಯಲ್ಲಿವೆ. ನಮ್ಮಲ್ಲಿಯೂ ಕೇಂದ್ರ ಪರಿಸರ ಸಚಿವಾಲಯ 2017ರಲ್ಲಿ ಆರಂಭಿಸಿದ ಹಸಿರು ಕೌಶಲ ಕಾರ್ಯಕ್ರಮದಡಿ ಝಡ್‌ಎಸ್‌ಐ, ಬಿಎಸ್‌ಐಗಳು ಪ್ಯಾರಾಟ್ಯಾಕ್ಸಾನಮಿ ತರಬೇತಿ ನೀಡಿವೆ. ಪಿಯುಸಿ ಮುಗಿಸಿ ಕಾಡಂಚಿನಲ್ಲಿ ಬೆಳೆದ ಹುಡುಗಿಗೆ ಗಿಡಗಳ ಊರ ಹೆಸರು, ಹೂ ಬಿಡುವ ಕಾಲ, ಜಾಗ ಎಲ್ಲ ಬಾಯಿಪಾಠ ಇರುತ್ತದೆ. ಅದರ ಮೇಲೆ ಸಂಗ್ರಹದ ಶಿಸ್ತು ಕೂಡಿಸುವುದು ಸುಲಭ, ನಗರದ ಪದವೀಧರನಿಗೆ ಕಾಡನ್ನು ಕಲಿಸುವುದು ಕಷ್ಟ.

ಹುದ್ದೆಗಳೇ ಇಷ್ಟು ಕಡಿಮೆ ಇರುವಾಗ ಮಕ್ಕಳನ್ನು ಈ ಕಡೆ ಕಳಿಸುವುದು ಸರಿಯೇ? ಪೋಷಕರ ಈ ಆಕ್ಷೇಪವನ್ನು ತಳ್ಳಿಹಾಕಲಾಗದು. ಖಾಯಂ ಹುದ್ದೆಗಳು ಕಡಿಮೆಯೇ, ಭರ್ತಿಯಾಗುವುದೂ ನಿಧಾನ. ಆದರೆ ಗುರುತು ಹಿಡಿಯುವ ವಿದ್ಯೆಗೆ ಸಂಗ್ರಹಾಲಯದ ಹೊರಗೂ ಬೇಡಿಕೆ ಇದೆ ಎಂಬುದನ್ನು ಈ ಲೆಕ್ಕದಲ್ಲಿ ಮರೆಯುತ್ತೇವೆ. 2009ರ ಜನವರಿ 15ರಂದು ನ್ಯೂಯಾರ್ಕಿನ ಹಡ್ಸನ್ ನದಿಯ ಮೇಲೆ ವಿಮಾನ ಇಳಿಯಬೇಕಾಗಿ ಬಂದಾಗ ಎಂಜಿನ್ನಿನೊಳಗಿದ್ದ ಚೂರುಗಳು ಕೆನಡಾ ಹೆಬ್ಬಾತುಗಳದ್ದೆಂದು ಹೇಳಿದ್ದು ಸ್ಮಿತ್‌ಸೋನಿಯನ್‌ನ ಗರಿ ಪ್ರಯೋಗಾಲಯ. ಹೋಲಿಸಿ ನೋಡಲು ಅವರ ಬಳಿ ಹಳೆಯ ತೊಗಲುಗಳ ಸಂಗ್ರಹವಿತ್ತು. ನಮ್ಮಲ್ಲಿ ವಿದೇಶದಿಂದ ಬರುವ ಧಾನ್ಯದಲ್ಲಿ ಯಾವ ಹುಳುವಿದೆ ಎಂದು ಬಂದರಿನಲ್ಲಿ ಹೇಳುವವರು ಬೇಕು, ವಶಪಡಿಸಿಕೊಂಡ ಉಗುರು ಚಿಪ್ಪು ಯಾವ ಪ್ರಾಣಿಯದೆಂದು ನ್ಯಾಯಾಲಯಕ್ಕೆ ಹೇಳುವವರು ಬೇಕು, ಪಂಚಾಯಿತಿಗಳ ಜೀವವೈವಿಧ್ಯ ದಾಖಲಾತಿಗೆ, ಯೋಜನೆಗಳ ಪರಿಸರ ಪರಿಣಾಮ ವರದಿಗೆ, ಆಯುರ್ವೇದ ಕಂಪನಿಗಳಲ್ಲಿ ಕಚ್ಚಾ ಬೇರು ತೊಗಟೆಗಳ ಪರೀಕ್ಷೆಗೆ ಬೇಕು. ಕಾನೂನೂ ಈ ಕಡೆ ಒಲಿದಿದೆ: 2002ರ ಜೈವಿಕ ವೈವಿಧ್ಯ ಕಾಯ್ದೆಯ 39ನೇ ಕಲಂ ಪ್ರಕಾರ ಹೊಸ ಪ್ರಭೇದ ಕಂಡುಹಿಡಿದ ಯಾರೇ ಆಗಲಿ ಅದರ ಮಾದರಿಯನ್ನು ಗೊತ್ತುಪಡಿಸಿದ ಭಂಡಾರಕ್ಕೆ ಒಪ್ಪಿಸಬೇಕು. ಉತ್ತರ ಕನ್ನಡದ ಹಳ್ಳಗಳಲ್ಲಿ, ಮೊಟ್ಟೆಗೆ ಮಣ್ಣು ಮೆತ್ತುವ ಕುಂಬಾರ ಕಪ್ಪೆಗೆ 2014ರಲ್ಲಿ ವೈಜ್ಞಾನಿಕ ಹೆಸರು ಬಂತು. ಇಂಥ ಪ್ರತಿ ಆವಿಷ್ಕಾರವೂ ಯಾವುದೋ ಭಂಡಾರದಲ್ಲಿ ಯಾರದೋ ಹೊಣೆಗೆ ಒಂದು ಜಾಡಿಯನ್ನು ಸೇರಿಸುತ್ತದೆ.

ಡಿಎನ್‌ಎ ಪರೀಕ್ಷೆ, ಫೋಟೊ ನೋಡಿ ಹೆಸರು ಹೇಳುವ ಆ್ಯಪ್‌ಗಳು ಬಂದಿರುವಾಗ ಪಿನ್ನು ಚುಚ್ಚುವ ವಿದ್ಯೆ ಏಕೆ ಎಂದು ಕೇಳುವವರಿದ್ದಾರೆ. ಡಿಎನ್‌ಎ ಸರಣಿಯನ್ನು ಹೋಲಿಸಲು ಮೊದಲು ಸರಿಯಾಗಿ ಹೆಸರಿಸಿದ ಮಾದರಿಯ ಸರಣಿ ಬೇಕು. ಆ ಮಾದರಿ ಕೈಗೆ ಸಿಗದಿದ್ದರೆ ತಪ್ಪು ಹೆಸರಿನ ಸರಣಿ ದತ್ತಾಂಶದಲ್ಲಿ ಹಾಗೇ ಉಳಿದು ಮುಂದಿನವರನ್ನೂ ದಾರಿ ತಪ್ಪಿಸುತ್ತದೆ. ಡಿಜಿಟಲೀಕರಣ ಕೆಲಸವನ್ನು ಕಸಿಯುವ ಬದಲು ಕೊಟ್ಟಿದೆ. ಸ್ಮಿತ್‌ಸೋನಿಯನ್‌ಗೆ ತನ್ನ ಹರ್ಬೇರಿಯಂನ 38 ಲಕ್ಷ ಹಾಳೆಗಳನ್ನು ಕನ್ವೇಯರ್ ಬೆಲ್ಟಿನ ಮೇಲೆ ಓಡಿಸಿ ಚಿತ್ರ ತೆಗೆಯಲು 2015ರಿಂದ 2022ರವರೆಗೆ ವರ್ಷಗಳೇ ಹಿಡಿದವು. ಹಾಳೆಗಳನ್ನು ಜೋಡಿಸಲು, ಹಳೆಯ ಕೈಬರಹ ಓದಲು, ಬದಲಾದ ಊರಿನ ಹೆಸರುಗಳನ್ನು ನಕ್ಷೆಯಲ್ಲಿ ಹುಡುಕಲು ಮನುಷ್ಯರೇ ಬೇಕಾಯಿತು. ನಮ್ಮ ಕಾಲೇಜುಗಳಲ್ಲಿ ಈ ಕೆಲಸ ಇನ್ನೂ ಆರಂಭವಾಗಬೇಕಿದೆ. ಡೇಟಾಬೇಸ್, ಜಿಐಎಸ್ ಬಲ್ಲ ಕಂಪ್ಯೂಟರ್ ಪದವೀಧರರು ಜೀವಶಾಸ್ತ್ರದವರ ಜೊತೆ ಕೂತು ಮಾಡಬೇಕಾದ ಕೆಲಸವಿದು.

ಜೀವಿಗಳನ್ನು ಕೊಂದು ಜಾಡಿಯಲ್ಲಿಡುವುದು ತಪ್ಪಲ್ಲವೇ ಎಂಬ ಆಕ್ಷೇಪ ಎಲ್ಲಕ್ಕಿಂತ ಭಾರವಾದದ್ದು, ಈ ಕ್ಷೇತ್ರಕ್ಕೆ ಬರುವವರು ಅದನ್ನು ಎದುರಿಸಲೇಬೇಕು. ಹಳೆಯ ಸಂಗ್ರಹಕಾರರು ಅಗತ್ಯಕ್ಕಿಂತ ಎಷ್ಟೋ ಪಾಲು ಹೆಚ್ಚು ಕೊಂದರು, ಅದನ್ನು ಸಮರ್ಥಿಸುವ ಅಗತ್ಯವಿಲ್ಲ. ಆದರೆ ಕೊಂದಾಗಿರುವ ಆ ಜೀವಗಳನ್ನು ವ್ಯರ್ಥವಾಗಲು ಬಿಡುವುದು ಎರಡನೇ ತಪ್ಪಾಗುತ್ತದೆ. ಬ್ರಿಟನ್ನಿನ ಡೆರೆಕ್ ರಾಟ್‌ಕ್ಲಿಫ್ 1967ರಲ್ಲಿ ಹಳೆಯ ಮೊಟ್ಟೆ ಸಂಗ್ರಹಗಳನ್ನು ತೂಗಿ ಅಳೆದು, 1940ರ ದಶಕದ ಕೊನೆಯಿಂದ ಬೇಟೆಗಾರ ಹಕ್ಕಿಗಳ ಮೊಟ್ಟೆಯ ಚಿಪ್ಪು ತೆಳುವಾಗುತ್ತ ಬಂದಿದೆ ಎಂದು ತೋರಿಸಿದರು. ಡಿಡಿಟಿ ಕೀಟನಾಶಕದ ವಿರುದ್ಧದ ಬಲವಾದ ಸಾಕ್ಷ್ಯಗಳಲ್ಲಿ ಅದೊಂದು. ಶೋಕಿಗಾಗಿ ಗೂಡು ದೋಚಿದವರು ಕೂಡಿಟ್ಟ ಮೊಟ್ಟೆಗಳೇ ಮುಂದಿನ ಹಕ್ಕಿಗಳ ಪರವಾಗಿ ಸಾಕ್ಷಿ ನುಡಿದವು. ಇಂದು ರಸ್ತೆಯಲ್ಲಿ ಸತ್ತವು, ಮೃಗಾಲಯದಲ್ಲಿ ಸತ್ತವು, ಕಳ್ಳಸಾಗಣೆಯಲ್ಲಿ ಸಿಕ್ಕವು ಸಂಗ್ರಹ ಸೇರುತ್ತಿವೆ. ಕೊಲ್ಲಲೇಬೇಕಾದಾಗ ಅರಣ್ಯ ಇಲಾಖೆಯ ಅನುಮತಿ ಮತ್ತು ಕನಿಷ್ಠ ಸಂಖ್ಯೆಯ ಮಿತಿ ಇದೆ. ಪ್ರಾಣಿಶಾಸ್ತ್ರ ತರಗತಿಗಳಲ್ಲಿ ಅಂಗಚ್ಛೇದನವನ್ನು ಯುಜಿಸಿ 2014ರಲ್ಲಿ ನಿಲ್ಲಿಸಿದ ಮೇಲೆ ಕಾಲೇಜುಗಳ ಹಳೆಯ ಜಾಡಿಗಳ ಬೆಲೆ ಹೆಚ್ಚಾಗಿದೆ. ಅವನ್ನು ನೋಡಿಕೊಳ್ಳುತ್ತಿದ್ದ ಅಟೆಂಡರುಗಳು ನಿವೃತ್ತರಾಗುತ್ತಿದ್ದಾರೆ, ಅವರ ಕೈಯ ವಿದ್ಯೆ ಅವರ ಜೊತೆಗೇ ಹೋಗುತ್ತಿದೆ. ಇದು ನಿಜಕ್ಕೂ ನೋವಿನ ಸಂಗತಿ.

ಓದುವಾಗಲೇ ಶುರು ಮಾಡುವುದಾದರೆ ಎಚ್ಚರಿಕೆಯೊಂದು: ಚಿಟ್ಟೆ, ಹಕ್ಕಿಗೂಡು, ಹಾವಿನ ತಂಟೆಗೆ ಹೋಗಬೇಡಿ. ಅನೇಕ ಚಿಟ್ಟೆಗಳೂ ಕಾಯ್ದೆಯ ರಕ್ಷಣೆಯಲ್ಲಿವೆ, ಕಾಡಿನೊಳಗಿಂದ ಗಿಡ ಕೀಳುವುದಕ್ಕೂ ಅನುಮತಿ ಬೇಕು. ನಿಮ್ಮದೇ ಹೊಲದ ಬದುವಿನ ಕಳೆಗಿಡಗಳು ಸಾಕು. ಇಪ್ಪತ್ತು ಗಿಡಗಳನ್ನು ಹೂ ಕಾಯಿ ಸಮೇತ ಒತ್ತಿ, ಒಣಗಿಸಿ, ಪೂರ್ತಿ ಚೀಟಿ ಬರೆದು, ಊರ ಹೆಸರಿನ ಜೊತೆ ವೈಜ್ಞಾನಿಕ ಹೆಸರು ಹುಡುಕಿ ಅಂಟಿಸಿ. ನಿಮ್ಮ ಕಾಲೇಜಿನ ಪ್ರಯೋಗಾಲಯದ ಜಾಡಿಗಳ ಪಟ್ಟಿಯನ್ನು, ಚೀಟಿಯಲ್ಲಿ ಏನಿದೆ ಏನಿಲ್ಲ ಎಂಬ ವಿವರದೊಂದಿಗೆ, ಒಂದು ಸ್ಪ್ರೆಡ್‌ಶೀಟಿಗೆ ಏರಿಸಿ. ಆಮೇಲೆ ಮೇಲೆ ಹೇಳಿದ ಯಾವುದಾದರೂ ಸಂಗ್ರಹದ ಕ್ಯುರೇಟರ್‌ಗೆ ಅರ್ಧ ಪುಟದ ಪತ್ರ ಬರೆಯಿರಿ: ಯಾವ ಗುಂಪಿನಲ್ಲಿ ಆಸಕ್ತಿ, ಈವರೆಗೆ ಏನು ಮಾಡಿದ್ದೀರಿ, ರಜೆಯ ಯಾವ ಆರು ವಾರ ಬಂದು ಕೆಲಸ ಮಾಡಬಲ್ಲಿರಿ. ಮೂರು ಹಾಳೆಗಳ ಫೋಟೊ, ಆ ಪಟ್ಟಿಯ ಒಂದು ಪುಟ ಲಗತ್ತಿಸಿ. ಅಂಕಪಟ್ಟಿ ಕೇಳಿದರೆ ಕೊಟ್ಟರಾಯಿತು. ಸಂದರ್ಶನಕ್ಕೆ ಕರೆದಾಗ ಹಾಳೆಗಳನ್ನೇ ಕೊಂಡೊಯ್ಯಿರಿ, ಎರಡು ರಟ್ಟಿನ ನಡುವೆ ಬಿಗಿಯಾಗಿ ಕಟ್ಟಿ. ಪತ್ರಕ್ಕೆ ಉತ್ತರ ಬಾರದಿದ್ದರೆ ಮೂರು ವಾರ ಬಿಟ್ಟು ಮತ್ತೊಮ್ಮೆ ಬರೆಯಿರಿ, ಮಳೆಗಾಲದ ನಂತರದ ತಿಂಗಳುಗಳಲ್ಲಿ ಇವರಲ್ಲಿ ಹೆಚ್ಚಿನವರು ಕ್ಷೇತ್ರಕಾರ್ಯಕ್ಕೆ ಹೋಗಿರುತ್ತಾರೆ.